ಕರೆನ್ಸಿ ಲೆಕ್ಕ ನಾವೇ ಹಾಕೋಣ

(ಊರಿಗಾಂನಲ್ಲಿ ಸೇರಿದ್ದ ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಕಡೆಯ ರೈತರ ಮುಂದೆ ಮಾಡಿದ ಭಾಷಣದ ಬರಹರೂಪ)



ನಾವು ಸಭೆ ಸೇರಿದಾಗಲೆಲ್ಲ ಮಾತಾಡೋದು ಗೊಬ್ಬರದ ಬೆಲೆ, ಬ್ಯಾಂಕಿನ ನೋಟೀಸು, ಟೊಮೇಟೊ ಧಾರಣೆ. ಇವತ್ತು ನಾನು ಮಾತಾಡೋದು ನಿಮ್ಮ ಅಂಗಿ ಜೇಬಿನಲ್ಲಿರುವ ಫೋನಿನ ಬಗ್ಗೆ. ಇದೇನು ಸಣ್ಣ ವಿಷಯ ಅಂತ ಯಾರೂ ನಗಬೇಡಿ. ಒಂದು ಮನೆಯಲ್ಲಿ ನಾಲ್ಕು ಫೋನಿವೆ ಅಂತ ಇಟ್ಟುಕೊಳ್ಳಿ. ಒಂದೊಂದಕ್ಕೆ 28 ದಿನಕ್ಕೆ 199 ರೂಪಾಯಿ ಕರೆನ್ಸಿ ಹಾಕಿಸಿದರೆ ವರ್ಷಕ್ಕೆ 13 ಸಲ ಹಾಕಿಸಬೇಕು. ನಾಲ್ಕು ಫೋನಿಗೆ 10,348 ರೂಪಾಯಿ. 2024-25ರ ಸಾಲಿಗೆ ಸರಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಅಂದರೆ ಎರಡು ಕ್ವಿಂಟಾಲ್ ನಲವತ್ತು ಕೆ.ಜಿ. ರಾಗಿ ಬೆಳೆದು ಬಡಿದು ತೂರಿ ಮಾರಿದ ದುಡ್ಡು ಫೋನಿಗೇ ಹೋಯಿತು. ಬಿತ್ತನೆ ಬೀಜಕ್ಕೆ ಕೈಸಾಲ ಮಾಡುವ ಮನೆಯಲ್ಲಿ ಇದು ಸಣ್ಣ ಲೆಕ್ಕವೇ?

ಹಾಗಾದರೆ ಫೋನು ಬೇಡ ಅಂತ ಎಸೆಯಕ್ಕಾಗುತ್ತಾ? ಆಗೋದಿಲ್ಲ. ಡೇರಿ ಬಟವಾಡೆ ಬ್ಯಾಂಕಿಗೆ ಬಿದ್ದದ್ದು ತಿಳಿಯೋದು ಅದರಲ್ಲಿ. ಕಿಸಾನ್ ಸಮ್ಮಾನ್ ದುಡ್ಡಿಗೆ ಆಧಾರ್ ತಾಳೆ ನೋಡುವಾಗ ಓಟಿಪಿ ಬರೋದು ಅದಕ್ಕೆ. ಮಂಡಿಯಲ್ಲಿ ಇವತ್ತು ಬಾಕ್ಸಿಗೆ ಏನು ಧಾರಣೆ ಅಂತ ಕೇಳಿಯೇ ನಾವು ಕಾಯಿ ಕೀಳಬೇಕು. ಫೋನು ಈಗ ಕೊಡಲಿ ಕುಡುಗೋಲಿನ ಹಾಗೆ ಒಂದು ಸಾಮಾನು. ಬಿಡೋದಕ್ಕೆ ಆಗದ ಸಾಮಾನು ಅಂತ ಗೊತ್ತಾದ ಮೇಲೆಯೇ ಮಾರುವವನು ಬೆಲೆ ಏರಿಸೋದು.

ಬೆಲೆ ಏರಿದ ದಾರಿ ನೋಡಿ. 2003ರ ಮೇ 1ರಿಂದ ಈ ದೇಶದಲ್ಲಿ ಒಳಬರುವ ಕರೆಗೆ ದುಡ್ಡಿಲ್ಲ ಅಂತಾಯಿತು. ಕರೆ ಮಾಡಿದವನು ಕೊಡಬೇಕು, ತೆಗೆದುಕೊಂಡವನು ಕೊಡಬೇಕಾಗಿಲ್ಲ. ಹದಿನೈದು ವರ್ಷ ಹೀಗೆ ನಡೆಯಿತು. 2018ರ ಕೊನೆಯಲ್ಲಿ ದೊಡ್ಡ ಖಾಸಗಿ ಕಂಪನಿಗಳು ಹೊಸ ಮಾತು ತೆಗೆದವು: 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಒಳಬರುವ ಕರೆಯೂ ನಿಲ್ಲುತ್ತದೆ. ಏರ್‌ಟೆಲ್‌ನಲ್ಲಿ ಆ 35 ರೂಪಾಯಿ 2021ರ ಜುಲೈ ಹೊತ್ತಿಗೆ 79 ಆಯಿತು. 2024ರ ಜುಲೈನಲ್ಲಿ 28 ದಿನದ ಯೋಜನೆ 199ಕ್ಕೆ ಬಂದು ನಿಂತಿತು. ಮಾತು ಎಷ್ಟು ಬೇಕಾದರೂ ಆಡಿ, ನೆಟ್ಟೂ ಕೊಡುತ್ತೇವೆ ಅಂದರು, ಅದು ನಿಜ. ಆದರೆ ಮಗಳ ಕರೆ ಬಂದಾಗ ಎತ್ತಿಕೊಳ್ಳುವ ಅಜ್ಜಿಗೆ ಎಷ್ಟು ಮಾತು ಬೇಕು, ಎಷ್ಟು ನೆಟ್ಟು ಬೇಕು? ಬೇಡದ್ದನ್ನೂ ಸೇರಿಸಿ ಕಟ್ಟಿದ ಮೂಟೆ ಅದು.

ಇದೇ ಅವಧಿಯಲ್ಲಿ ನಮ್ಮ ರಾಗಿ ಎಲ್ಲಿತ್ತು? 2018-19ರಲ್ಲಿ ಬೆಂಬಲ ಬೆಲೆ 2,897 ರೂಪಾಯಿ, 2024-25ರಲ್ಲಿ 4,290. ಒಂದೂವರೆ ಪಟ್ಟೂ ಆಗಲಿಲ್ಲ. ಫೋನಿನ ಕನಿಷ್ಠ ಖರ್ಚು ಐದೂವರೆ ಪಟ್ಟಿಗಿಂತ ಹೆಚ್ಚಾಯಿತು. ನಮ್ಮ ಮಾಲಿಗೆ ಬೆಲೆ ಕಟ್ಟೋದು ದೆಹಲಿ, ಇಲ್ಲವೇ ಮಂಡಿ. ಅವರ ಮಾಲಿಗೆ ಬೆಲೆ ಕಟ್ಟೋದು ಅವರೇ. ಟ್ರಾಯ್ ಅನ್ನುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಇದ್ದರೂ ಈ ದರಗಳನ್ನು ಕಂಪನಿಗಳ ಇಷ್ಟಕ್ಕೇ ಬಿಟ್ಟಿದೆ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿನ ಚಿನ್ನದ ಗಣಿಗೆ ವಿದ್ಯುತ್ ತಂತಿ ಬಂತು. ಆ ತಂತಿಯ ಕೆಳಗಿದ್ದ ಹಳ್ಳಿಗಳು ಎಷ್ಟೋ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ತಲೆಯ ಮೇಲೆ ಹಾದುಹೋಗುವುದೆಲ್ಲ ನಮಗೆ ಬೆಳಕು ಕೊಡೋದಿಲ್ಲ ಅನ್ನುವುದು ಈ ಸೀಮೆಯವರಿಗೆ ಹೊಸ ಪಾಠವಲ್ಲ.

ಹಾಗಾದರೆ ಮಾಡೋದೇನು? ಮೊದಲು ಲೆಕ್ಕ. ಯೋಜನೆಯ ಬೆಲೆ ನೋಡಬೇಡಿ, ಆ ಬೆಲೆಯನ್ನು ದಿನಗಳಿಂದ ಭಾಗಿಸಿ. ಒಂದು ದಿನಕ್ಕೆ ಎಷ್ಟು ಬಿತ್ತು ಅಂತ ನೋಡಿ. 199 ರೂಪಾಯಿ, 28 ದಿನ: ದಿನಕ್ಕೆ 7 ರೂಪಾಯಿ 11 ಪೈಸೆ. 2024ರ ಡಿಸೆಂಬರಿನಲ್ಲಿ ಟ್ರಾಯ್ ಒಂದು ಒಳ್ಳೆಯ ಆಜ್ಞೆ ಮಾಡಿತು. ನೆಟ್ಟು ಬೇಡದವರಿಗೆ ಬರೀ ಮಾತು ಮತ್ತು ಮೆಸೇಜಿನ ಯೋಜನೆ ಕೊಡಲೇಬೇಕು, ಅದರ ವಾಯಿದೆ 365 ದಿನದವರೆಗೂ ಇರಬಹುದು ಅಂತ. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 469, 365 ದಿನಕ್ಕೆ 1,849 ಅಂತ ತಂದಿತು. ಮೊದಲನೆಯದು ದಿನಕ್ಕೆ 5 ರೂಪಾಯಿ 58 ಪೈಸೆ, ಎರಡನೆಯದು 5 ರೂಪಾಯಿ 7 ಪೈಸೆ. ಜಿಯೋ 84 ದಿನಕ್ಕೆ 448, 336 ದಿನಕ್ಕೆ 1,748 ಅಂತ ತಂದಿತು.

ಇಲ್ಲೊಂದು ಸೂಕ್ಷ್ಮವಿದೆ, ಗಮನ ಕೊಡಿ. 1,748 ಕಡಿಮೆಯೋ, 1,849 ಕಡಿಮೆಯೋ? ಅಂಗಡಿ ಮುಂದೆ ನಿಂತವನು 1,748 ಅಂತಾನೆ. ಆದರೆ 336 ದಿನ ಅಂದರೆ ವರ್ಷಕ್ಕೆ 29 ದಿನ ಕಮ್ಮಿ. ದಿನಕ್ಕೆ 5 ರೂಪಾಯಿ 20 ಪೈಸೆ ಬೀಳುತ್ತದೆ. ಕಡಿಮೆ ಅಂತ ಕಂಡದ್ದೇ ದುಬಾರಿ. ತೂಕದಲ್ಲಿ ಮೋಸ ಹೋಗಬಾರದು ಅಂತ ಮಂಡಿಯಲ್ಲಿ ತಕ್ಕಡಿ ಮುಳ್ಳು ನೋಡುವ ನಾವು ಇಲ್ಲಿ ದಿನ ಎಣಿಸಬೇಕು. ದರಗಳು ಬದಲಾಗುತ್ತಲೇ ಇರುತ್ತವೆ. ನಾನು ಹೇಳಿದ ಅಂಕಿ ನಾಳೆ ಇಲ್ಲದಿರಬಹುದು, ಲೆಕ್ಕದ ರೀತಿ ಮಾತ್ರ ಅದೇ.

ಎರಡನೆಯದು, ಮನೆಯಲ್ಲಿ ಯಾರಿಗೆ ಏನು ಬೇಕು ಅಂತ ಕೂತು ಮಾತಾಡಿ. ಬಟನ್ ಫೋನಿರುವ ತಂದೆತಾಯಿಗೆ ಬರೀ ಮಾತಿನ ವರ್ಷದ ಯೋಜನೆ ಸಾಕು. 199ರಂತೆ 13 ಸಲ ಹಾಕಿಸಿದರೆ 2,587 ರೂಪಾಯಿ. 1,849ಕ್ಕೆ ಮುಗಿದರೆ ಒಂದು ಫೋನಿಗೆ 738 ಉಳಿಯಿತು, ಎರಡಕ್ಕೆ 1,476. ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ನೆಟ್ಟು ಬೇಕು, ಇಲ್ಲ ಅನ್ನಬೇಡಿ. ಆದರೆ ಮನೆಯಲ್ಲಿ ಒಂದು ಫೋನಿಗೆ ನೆಟ್ಟು ಹಾಕಿಸಿದರೆ ಪಹಣಿ, ಧಾರಣೆ, ಮಕ್ಕಳ ಪಾಠ ಅಷ್ಟನ್ನೂ ಅದರಲ್ಲೇ ನೋಡಬಹುದು.

ಮೂರನೆಯದು ಸಿಗ್ನಲ್. ಎಷ್ಟೇ ಅಗ್ಗವಾದರೂ ನಿಮ್ಮ ಬೋರ್‌ವೆಲ್ ಹತ್ತಿರ, ಹಟ್ಟಿಯಲ್ಲಿ, ಮಂಡಿಯಲ್ಲಿ ಸಿಗದಿದ್ದರೆ ಅದು ದಂಡ. ಪಕ್ಕದ ಹೊಲದವರ ಫೋನು ಕೇಳಿ ಪಡೆದು, ಆ ಮೂರು ಜಾಗದಲ್ಲೂ ನೋಡಿ, ಆಮೇಲೆ ಕಂಪನಿ ಆರಿಸಿ. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳು ದರ ಏರಿಸಿದಾಗ ಏರಿಸದೆ ಇದ್ದದ್ದು ಸರಕಾರದ ಬಿಎಸ್ಎನ್ಎಲ್. 2025ರ ಸೆಪ್ಟೆಂಬರ್ 27ರಂದು ಅದರ 4ಜಿ ಸೇವೆಗೂ ಚಾಲನೆ ಸಿಕ್ಕಿತು. ನಿಮ್ಮಲ್ಲಿ ಅದರ ಸಿಗ್ನಲ್ ಚೆನ್ನಾಗಿದ್ದರೆ ಮೊದಲು ಅದನ್ನು ವಿಚಾರಿಸಿ.

ಇನ್ನು ಪ್ರಯಾಣದ ಮಾತು. ನಮ್ಮದು ಗಡಿ ಸೀಮೆ. ಪೂರ್ವಕ್ಕೆ, ಆಗ್ನೇಯಕ್ಕೆ ಹೋದರೆ ವಿ. ಕೋಟ, ಕುಪ್ಪಂ, ಅದು ಆಂಧ್ರ. ದಕ್ಷಿಣಕ್ಕೆ ಹೋದರೆ ಕೃಷ್ಣಗಿರಿ, ಅದು ತಮಿಳುನಾಡು. ಕಾಮಸಮುದ್ರದ ಕಡೆ ನಮ್ಮ ಹೊಲದಲ್ಲೇ ನಿಂತರೂ ಫೋನು ಒಂದೊಂದು ಸಲ ಪಕ್ಕದ ರಾಜ್ಯದ ಟವರ್ ಹಿಡಿಯುತ್ತದೆ. ಹಿಂದೆ ಅದಕ್ಕೆ ರೋಮಿಂಗ್ ಅಂತ ದಂಡ ಇತ್ತು. 2013ರ ಜುಲೈಗೆ ಮುಂಚೆ ರೋಮಿಂಗಿನಲ್ಲಿ ಒಳಬರುವ ಕರೆಗೂ ನಿಮಿಷಕ್ಕೆ 1 ರೂಪಾಯಿ 75 ಪೈಸೆವರೆಗೆ ಕೀಳಬಹುದಿತ್ತು. ಆಮೇಲೆ ಅದು 75 ಪೈಸೆ, 2015ರ ಮೇ 1ರಿಂದ 45 ಪೈಸೆ ಆಯಿತು. 2015ರ ಜೂನ್ 15ರಿಂದ ಬಿಎಸ್ಎನ್ಎಲ್ ಒಳಬರುವ ಕರೆಗೆ ರೋಮಿಂಗ್ ದುಡ್ಡು ಬೇಡ ಅಂದಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ರೋಮಿಂಗೇ ಇಲ್ಲ ಅಂದಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಹಾಗಾಗಿ ಎಷ್ಟು ಬೇಕಾದರೂ ಮಾತಾಡುವ ಯೋಜನೆ ಹಾಕಿಸಿದವರು ತಿರುಪತಿಗೆ ಹೋಗಲಿ, ಮೇಲ್ಮರುವತ್ತೂರಿಗೆ ಹೋಗಲಿ, ಕಾಶಿಗೇ ಹೋಗಲಿ, ಬೇರೆ ಕರೆನ್ಸಿ ಬೇಕಿಲ್ಲ. ರೋಮಿಂಗ್ ಪ್ಯಾಕ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ.

ಎರಡು ಕಡೆ ಮಾತ್ರ ಎಚ್ಚರ. ಅಮರನಾಥಕ್ಕೋ ವೈಷ್ಣೋದೇವಿಗೋ ಹೋಗುವವರ ಹೊರರಾಜ್ಯದ ಪ್ರೀಪೇಡ್ ಸಿಮ್ಮು ಜಮ್ಮು ಕಾಶ್ಮೀರದಲ್ಲಿ ನಡೆಯೋದಿಲ್ಲ. ತಿಂಗಳ ಬಿಲ್ಲಿನ ಪೋಸ್ಟ್‌ಪೇಡ್ ಸಿಮ್ಮು ನಡೆಯುತ್ತದೆ. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಅದು ಇರಲಿ. ಪಶುಪತಿನಾಥ, ಮುಕ್ತಿನಾಥ ಅಂತ ನೇಪಾಳಕ್ಕೆ ಹೋಗುವವರಿಗೆ ಅದು ಪರದೇಶ. ಹೋಗುವ ಮೊದಲೇ ಆ ದೇಶದ ಪ್ಯಾಕ್ ಎಷ್ಟು ಅಂತ ಕೇಳಿ, ಬೇಡವಾದರೆ ಫೋನಿನ ಡೇಟಾ ರೋಮಿಂಗ್ ನಿಲ್ಲಿಸಿಯೇ ಗಡಿ ದಾಟಿ.

ಎಲ್ಲಕ್ಕಿಂತ ದೊಡ್ಡ ವಿಷಯ ನಂಬರು ಉಳಿಸಿಕೊಳ್ಳೋದು. ಬೆಳೆ ಹೋಯಿತು, ಮೂರು ತಿಂಗಳು ಕರೆನ್ಸಿ ಹಾಕಿಸಲಿಲ್ಲ ಅನ್ನಿ. ರದ್ದಾದ ನಂಬರನ್ನು ಕಂಪನಿ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಬ್ಯಾಂಕಿನ ಓಟಿಪಿ ಯಾರ ಕೈಗೆ ಹೋಗುತ್ತದೆ? ಯೋಚನೆ ಮಾಡಿ. 2013ರ ಟ್ರಾಯ್ ನಿಯಮ ಹೀಗಿದೆ: ಪ್ರೀಪೇಡ್ ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ, 90 ದಿನ ಬಳಸಲಿಲ್ಲ ಅಂತ ನಂಬರು ಕೀಳುವ ಹಾಗಿಲ್ಲ, 20 ರೂಪಾಯಿ ಮುರಿದುಕೊಂಡು ಇನ್ನೂ 30 ದಿನ ಉಳಿಸಬೇಕು. ಇದು ನಂಬರು ಉಳಿಸುತ್ತದೆ, ಮಾತಾಡಲು ಬಿಡೋದಿಲ್ಲ. ಆದರೂ ಬ್ಯಾಂಕು ಆಧಾರ್ ಸೇರಿದ ನಂಬರಿನಲ್ಲಿ ಅಷ್ಟು ದುಡ್ಡು ಇಟ್ಟಿರಿ. ನಂಬರು ಬಿಡೋದೇ ಆದರೆ ಮೊದಲು ಬ್ಯಾಂಕಿನಲ್ಲಿ, ಆಧಾರಿನಲ್ಲಿ ಹೊಸದನ್ನು ಬರೆಸಿ, ಆಮೇಲೆ ಬಿಡಿ.

ಕಂಪನಿ ಸರಿ ಇಲ್ಲದಿದ್ದರೆ ನಂಬರು ಬದಲಿಸದೆ ಕಂಪನಿ ಬದಲಿಸಬಹುದು. 2011ರ ಜನವರಿಯಿಂದ ದೇಶಕ್ಕೆಲ್ಲ ಈ ಹಕ್ಕಿದೆ. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರು ಹಾಕಿ 1900ಕ್ಕೆ ಮೆಸೇಜು ಮಾಡಿ. ಸಿಮ್ಮು ತಗೊಂಡು 90 ದಿನ ಆಗಿರಬೇಕು. ದುಡ್ಡು ಸುಮ್ಮನೆ ಕಡಿತವಾದರೆ 198ಕ್ಕೆ ಕರೆ ಮಾಡಿ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬರಹದಲ್ಲಿಲ್ಲದ ದೂರು ದೂರಲ್ಲ.

ಕೊನೆಯದಾಗಿ ಒಂದು ಅನ್ಯಾಯ ಹೇಳಿ ಮುಗಿಸುತ್ತೇನೆ. ಟ್ರಾಯ್ ಬಡವರಿಗಾಗಿ ಬರೀ ಮಾತಿನ ಯೋಜನೆ ಕೊಡಿ ಅಂತು. ಈ ಎರಡು ಕಂಪನಿಗಳು ಅಂದು ತಂದದ್ದು 84 ದಿನದ್ದು, ವರ್ಷದ್ದು. ಒಂದೇ ಸಲ 450, 1,800 ರೂಪಾಯಿ ಎಣಿಸುವವನಿಗೆ ದಿನಕ್ಕೆ 5 ರೂಪಾಯಿ. ಅಷ್ಟು ಕೈಯಲ್ಲಿಲ್ಲದ ಕೂಲಿಯವನಿಗೆ 7 ರೂಪಾಯಿ. ಗೊಬ್ಬರ ನಗದಿಗೆ ಒಂದು ಬೆಲೆ, ಸಾಲಕ್ಕೆ ಒಂದು ಬೆಲೆ ಇದ್ದ ಹಾಗೆ. ಕೈಯಲ್ಲಿ ದುಡ್ಡಿಲ್ಲದಿರುವುದಕ್ಕೇ ಬಡ್ಡಿ ಕಟ್ಟಿಸಿಕೊಂಡ ಹಾಗಾಯಿತು ಇದು.

ಅದಕ್ಕೆ ನಾವು ಮಾಡಬೇಕಾದ್ದು ಎರಡು. ರೇಷ್ಮೆಗೂಡಿನ ದುಡ್ಡು, ಡೇರಿ ಬೋನಸ್ಸು ಕೈಗೆ ಬಂದ ದಿನವೇ, ವರ್ಷದ ರಾಗಿ ಹಗೇವಿಗೆ ತುಂಬುವ ಹಾಗೆ, ಹಿರಿಯರ ಫೋನಿಗೆ ವರ್ಷದ ಕರೆನ್ಸಿ ತುಂಬಿಸಿಬಿಡಿ. ಸಾಲ ಮಾಡಿ ಮಾತ್ರ ಹಾಕಿಸಬೇಡಿ. ಇನ್ನೊಂದು, ಪ್ರತಿ ಹಳ್ಳಿಯಿಂದ ಟ್ರಾಯ್‌ಗೆ ಒಂದು ಅರ್ಜಿ ಹೋಗಲಿ: 30 ದಿನದ, ಬರೀ ಮಾತಿನ ಯೋಜನೆಯನ್ನು ಪ್ರತಿ ಕಂಪನಿಯೂ ಇಡಬೇಕು, ಅದರ ದಿನದ ದರ ವರ್ಷದ ಯೋಜನೆಯ ದರಕ್ಕಿಂತ ಹೆಚ್ಚಿರಬಾರದು. ಅರ್ಜಿ ಬರೆಯಲು ಇಲ್ಲಿಗೆ ಕಾಗದ ತಂದಿದ್ದೇವೆ. ಯಾರೂ ಸಹಿ ಹಾಕದೆ ಹೋಗಬೇಡಿ.