ಹೊಲತೋಟಗಳ ಹುಳುಗಳನ್ನು ಗುರುತಿಸುವ ಬಗೆ

(ತಳಕಲ್ ಸೀಮೆಯ ಒಕ್ಕಲಿಗರನ್ನು ಕುರಿತ ಭಾಷಣ)



ಹಲ್ಲು ನೋಡದೆ ಸಂತೆಯಲ್ಲಿ ಎತ್ತನ್ನು ಕೊಳ್ಳುವವರು ತಮ್ಮಲ್ಲಿ ಯಾರೂ ಇರಲಾರರು. ಆದರೆ ಬೆಳೆಯ ಮೇಲೆ ಹುಳುವೊಂದು ಕಂಡಿತೆಂದರೆ, ಅದು ಯಾವುದೆಂದು ವಿಚಾರಿಸದೆಯೇ ವಿಷವನ್ನು ಸಿಂಪಡಿಸುವ ವಾಡಿಕೆಯು ಬೆಳೆದಿದೆ.

ಎರೆ ಹೊಲದಲ್ಲಿ ಹಿಂಗಾರಿಗೆ ಕುಸುಬೆ ಬಿತ್ತಿದವರು ಅದರ ಎಳೆಗುಡಿಗಳನ್ನು ಮುತ್ತುವ ಕಪ್ಪು ಹೇನನ್ನು ಬಲ್ಲರು. ಅದೇ ಕುಡಿಯಲ್ಲಿ ಇನ್ನೊಂದು ಜೀವಿಯುಂಟು. ಬಣ್ಣ ಕರಿಬೂದು, ಮೈಮೇಲೆ ಕಿತ್ತಳೆ ಚುಕ್ಕೆ, ಮುಂಭಾಗದಲ್ಲಿ ಆರು ಕಾಲು; ಆಕಾರದಲ್ಲಿ ಮೊಸಳೆಯ ಮರಿಯಂತೆ, ಉದ್ದದಲ್ಲಿ ಜೋಳದ ಎರಡು ಕಾಳುಗಳಷ್ಟು. ನೋಟಕ್ಕೆ ಹೇಸಿಗೆಯಾದ್ದರಿಂದ ಜನರು ಇದನ್ನೇ ಮೊದಲು ಹೊಸಕುವರು. ಇದು ಗುಲಗಂಜಿ ಹುಳುವಿನ ಮರಿ. ಬೆಳೆಯುವಷ್ಟರಲ್ಲಿ ನೂರಾರು ಹೇನುಗಳನ್ನು ತಿನ್ನುವುದು. ವಿಷವು ಹೇನನ್ನೂ ಇದನ್ನೂ ಕೊಲ್ಲುತ್ತದೆ. ಆದರೆ ಉಳಿದ ಹೇನು ಗಂಡಿನ ಸಂಗವಿಲ್ಲದೆಯೇ ಮರಿ ಹಾಕುವುದರಿಂದ ಬೇಗನೆ ಹೆಚ್ಚುತ್ತದೆ. ಗುಲಗಂಜಿ ಹುಳುವಿಗೆ ಆ ವೇಗವಿಲ್ಲ. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳನ್ನು 1888-89ರಲ್ಲಿ ಬಿಳಿ ಹಿಟ್ಟಿನಂಥ ಕೀಟದಿಂದ ಉಳಿಸಿದ್ದು ಆಸ್ಟ್ರೇಲಿಯದಿಂದ ತಂದ ಈ ಕುಲದ ಹುಳುವೇ. 1929ರಲ್ಲಿ ಅದನ್ನು ನೀಲಗಿರಿಗೂ ತರಿಸಲಾಯಿತು.

ಇಷ್ಟು ಕೇಳಿ ಚುಕ್ಕೆಯ ಹುಳುಗಳೆಲ್ಲವೂ ಮಿತ್ರರೆಂದು ಬಗೆಯಬಾರದು. ಬದನೆಯ ಎಲೆಯನ್ನು ಜಾಲರಿಯಂತೆ ಮಾಡುವ ದುಂಬಿಯೂ ಇದೇ ವಂಶದ್ದು. ಮಿತ್ರನ ಬೆನ್ನು ನುಣುಪಾಗಿ ಹೊಳೆಯುವುದು. ಅದರ ಮೇಲೆ ಏಳು ಕಪ್ಪು ಚುಕ್ಕೆ ಅಥವಾ ಅಂಕುಡೊಂಕಾದ ಗೆರೆಗಳಿರುವುವು. ಬದನೆಯ ದುಂಬಿಗೆ ಹೊಳಪಿಲ್ಲ, ನವಿರಾದ ರೋಮವುಂಟು, ಚುಕ್ಕೆಗಳು ಹನ್ನೆರಡರಿಂದ ಇಪ್ಪತ್ತೆಂಟರವರೆಗೆ. ಮರಿಯು ಹಳದಿ, ಮೈತುಂಬ ಮುಳ್ಳು. ಸಂದೇಹವಾದರೆ ಹುಳುವನ್ನು ಗಾಜಿನ ಸೀಸೆಯಲ್ಲಿಟ್ಟು, ಹೇನು ಹತ್ತಿದ ಕುಡಿಯೊಂದನ್ನೂ ಬದನೆಯ ಎಲೆಯೊಂದನ್ನೂ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿರಿ. ಮರುದಿನ ಯಾವುದು ಕಡಮೆಯಾಗಿದೆಯೋ ಅದೇ ಉತ್ತರ.

ಜೇಡನ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ. ಕಾಲು ಎಂಟು, ದೇಹ ಎರಡು ಭಾಗ, ಮೀಸೆಯಂಥ ಕುಡಿಗಳಿಲ್ಲ, ರೆಕ್ಕೆಯಿಲ್ಲ. ಹೊಲದ ಜೇಡವು ಬೆಳೆಯ ಎಲೆಯನ್ನು ಕಡಿಯುವುದಿಲ್ಲ. ಬಲೆ ನೇಯುವ ಜಾತಿಗಳನ್ನು ಇಬ್ಬನಿ ಆರುವ ಮುನ್ನ ನೋಡುವುದು ಸುಲಭ. ಬಲೆಯಿಲ್ಲದೆ ಬೇಟೆಯಾಡುವ ಜಾತಿಗಳೂ ಅನೇಕವಿವೆ. ಹೂವಿನಲ್ಲಿ ಏಡಿಯಂತೆ ಕಾಲು ಚಾಚಿ ಕುಳಿತುಕೊಳ್ಳುವ ಜೇಡವು ಒಮ್ಮೊಮ್ಮೆ ಜೇನುನೊಣವನ್ನೂ ಹಿಡಿಯುವುದು ನಿಜ. ಆ ನಷ್ಟವನ್ನು ಸಹಿಸಬಹುದೆಂದು ನನ್ನ ಅಭಿಪ್ರಾಯ.

ಜೇಡಗಳ ಮೊಟ್ಟೆಯ ಚೀಲಗಳು ಬದುವಿನ ಹುಲ್ಲಿನಲ್ಲಿಯೂ ಇರುವುವು. ಆದುದರಿಂದ ಊರಿನ ಬದುಗಳನ್ನೆಲ್ಲ ಒಂದೇ ಸಲ ಸುಡಗೊಡಬಾರದೆಂದು ಗೌಡರಲ್ಲಿ ವಿಶೇಷವಾಗಿ ಅರಿಕೆ ಮಾಡುತ್ತೇನೆ.