ಪ್ರೊಸೆಸರಿನ ಆದೇಶಗಣ ಮತ್ತು ಅದರ ವಿಸ್ತರಣೆಗಳು



ಶಾಲೆಯ ಹಳೆಯ ಗಣಕಯಂತ್ರದಲ್ಲಿ ಹೊಸ ತಂತ್ರಾಂಶವೊಂದನ್ನು ತೆರೆದೊಡನೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂಬ ಸಂದೇಶ ಮೂಡಿ ಕೆಲಸ ನಿಂತುಬಿಡುವುದುಂಟು. ಯಂತ್ರವೇ ಕೆಟ್ಟಿತೆಂದು ಅದನ್ನು ಮೂಲೆಗೆ ಸರಿಸುವ ಮುನ್ನ ಆ ಸಂದೇಶದ ಅರ್ಥವನ್ನು ಅರಿಯಬೇಕು.

ಪ್ರತಿಯೊಂದು ಪ್ರೊಸೆಸರಿಗೂ ತಾನು ಪಾಲಿಸಬಲ್ಲ ಆದೇಶಗಳ ಗಣವೊಂದಿದೆ: ಕೂಡು, ಕಳೆ, ಹೋಲಿಸು, ಸ್ಮೃತಿಯಿಂದ ತಾ, ಸ್ಮೃತಿಯಲ್ಲಿ ಇಡು. ಎಂತಹ ತಂತ್ರಾಂಶವೂ ಕೊನೆಗೆ ಇಂತಹ ಆದೇಶಗಳ ಸಾಲಾಗಿಯೇ ಪ್ರೊಸೆಸರನ್ನು ತಲಪುತ್ತದೆ.

2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರಂಭವಾದ ‘ರಿಸ್ಕ್-ಫೈವ್’ ಇದಕ್ಕೆ ಒಳ್ಳೆಯ ಉದಾಹರಣೆ. ಮದರಾಸು ಐಐಟಿಯ ‘ಶಕ್ತಿ’ ಪ್ರೊಸೆಸರುಗಳೂ ಇದನ್ನೇ ಅನುಸರಿಸುತ್ತವೆ. ಇದರ 32 ಬಿಟ್‌ಗಳ ಮೂಲಗಣದಲ್ಲಿರುವುದು ಸುಮಾರು 40 ಆದೇಶಗಳು ಮಾತ್ರ, ಗುಣಾಕಾರವೂ ಅವುಗಳಲ್ಲಿಲ್ಲ. ಗುಣಾಕಾರ ಮತ್ತು ಭಾಗಾಕಾರಗಳಿಗೆ ‘ಎಂ’, ದಶಾಂಶ ಬಿಂದುವುಳ್ಳ ಸಂಖ್ಯೆಗಳಿಗೆ ‘ಎಫ್’ ಮತ್ತು ‘ಡಿ’, ಸಂಖ್ಯೆಗಳ ಸಾಲನ್ನೇ ಒಂದು ಆದೇಶದಿಂದ ಸಂಸ್ಕರಿಸಲು ‘ವಿ’ ಎಂಬ ಐಚ್ಛಿಕ ವಿಸ್ತರಣೆಗಳಿವೆ. ಪ್ರತಿ ವಿಸ್ತರಣೆಯೂ ಹೆಚ್ಚಿನ ವಿದ್ಯುನ್ಮಂಡಲವನ್ನು ಬೇಡುವುದರಿಂದ, ತಯಾರಕರು ಅಗತ್ಯವಾದವುಗಳನ್ನಷ್ಟೇ ಸೇರಿಸುತ್ತಾರೆ.

‘ಎಂ’ ಇಲ್ಲದ ಪ್ರೊಸೆಸರು ಗುಣಿಸಲಾರದೆಂದಲ್ಲ. 13ನ್ನು 5ರಿಂದ ಗುಣಿಸಬೇಕೆನ್ನೋಣ. ದ್ವಿಮಾನ ಪದ್ಧತಿಯಲ್ಲಿ 5 ಎಂದರೆ 101. ಆದುದರಿಂದ 13ನ್ನು ಎರಡು ಸ್ಥಾನ ಎಡಕ್ಕೆ ಸರಿಸಿದರೆ ದೊರೆಯುವ 52ಕ್ಕೆ 13ನ್ನು ಕೂಡಿದರೆ 65. ಹೊತ್ತು ಹೆಚ್ಚು ಹಿಡಿದರೂ ಉತ್ತರ ಒಂದೇ. ಆದರೆ ‘ಎಂ’ ಇದೆಯೆಂದು ನಂಬಿ ಬರೆದ ತಂತ್ರಾಂಶವು ನೇರವಾಗಿ ‘ಗುಣಿಸು’ ಎಂದರೆ, ಪ್ರೊಸೆಸರಿಗೆ ಅದು ಅರಿಯದ ಮಾತು.

ಶಾಲೆಯ ಯಂತ್ರದಲ್ಲಿ ನಡೆಯುವುದೂ ಸಾಮಾನ್ಯವಾಗಿ ಇದೇ. ಇಂಟೆಲ್ ಪ್ರೊಸೆಸರುಗಳಿಗೆ ‘ಎವಿಎಕ್ಸ್2’ ವಿಸ್ತರಣೆ ಬಂದುದು 2013ರಲ್ಲಿ. ಅದನ್ನು ಕಡ್ಡಾಯವೆಂದು ಭಾವಿಸಿದ ತಂತ್ರಾಂಶ ಅದಕ್ಕೂ ಹಿಂದಿನ ಯಂತ್ರದಲ್ಲಿ ನಡೆಯದು. ವಿವೇಕಿಯಾದ ತಂತ್ರಾಂಶಕಾರನು ವಿಸ್ತರಣೆ ಇದೆಯೇ ಎಂದು ಮೊದಲು ಪ್ರೊಸೆಸರನ್ನೇ ವಿಚಾರಿಸಿ, ಇಲ್ಲದಿದ್ದರೆ ಮೂಲ ಆದೇಶಗಳ ಬದಲಿ ದಾರಿಯನ್ನು ಹಿಡಿಯುತ್ತಾನೆ.

ಕಾಸರಗೋಡಿನ ಶಾಲೆಗಳಲ್ಲಿರುವಂತೆ ಲಿನಕ್ಸ್ ಇರುವೆಡೆ, ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಎಂಬ ಆಜ್ಞೆಯ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಬೆರಳಚ್ಚಿಸಿದರೆ ಪ್ರೊಸೆಸರಿನ ವಿಸ್ತರಣೆಗಳ ಪಟ್ಟಿ ಕಾಣುತ್ತದೆ. ಬೇಕಾದ ವಿಸ್ತರಣೆ ಅಲ್ಲಿಲ್ಲವಾದರೆ, ಅದನ್ನು ಬೇಡದ ಆವೃತ್ತಿಯನ್ನು ಹುಡುಕಿ ಅಳವಡಿಸಿದರಾಯಿತು. ಒಂದು ಮಾತನ್ನು ಅರಿಯದ ಯಂತ್ರ ಕೆಟ್ಟ ಯಂತ್ರವಲ್ಲ. ಅದಕ್ಕೆ ತಿಳಿದ ಮಾತುಗಳಲ್ಲಿ ಪಾಠವನ್ನು ಹೇಳಬೇಕು. ಇದು ಅಧ್ಯಾಪಕರಿಗೆ ಹೊಸ ಸಂಗತಿಯೇನಲ್ಲ.