ಅಲ್ಯೂಮಿನಿಯಂ ತಗಡಿಗೆ ತೂತು: ಡ್ರಿಲ್ಲೋ, ಪ್ರೆಸ್ಸೋ?
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಬೆಳೆಸಾಲದ ಸಂಘದಲ್ಲಿ ತೂತು ಹೊಡೆಯೋ ಮಾತೇಕೆ ಎಂದು ಕೆಲವರು ನಗಬಹುದು. ಆದರೆ ಪೀಣ್ಯದಲ್ಲಿ ಕೆಲಸ ಕಲಿತ ನಮ್ಮೂರ ಹುಡುಗರು ಈಗ ಸ್ವಂತ ಯಂತ್ರಕ್ಕೆ ಸಾಲ ಕೇಳುತ್ತಿದ್ದಾರೆ. ಅದಕ್ಕೇ ಈ ಮಾತು.

ನಾವು ಪೀಣ್ಯದಲ್ಲಿ ಶೆಡ್ ಹಾಕಿದ ಹೊಸದರಲ್ಲಿ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿನ ಆರ್ಡರ್ ಬಂತು. ಒಂದೊಂದಕ್ಕೂ 6 ಮಿ.ಮೀ.ನ ನಾಲ್ಕು ತೂತು. ಉಕ್ಕಿಗೆ ಇಟ್ಟಿದ್ದ ವೇಗದಲ್ಲೇ ಡ್ರಿಲ್ ಓಡಿಸಿದೆವು. ಆ ಅಳತೆಯ ಬಿಟ್ಟಿಗೆ ಉಕ್ಕಿನಲ್ಲಿ ನಿಮಿಷಕ್ಕೆ ಸುಮಾರು 1,300 ಸುತ್ತು ಸಾಕು, ಅಲ್ಯೂಮಿನಿಯಂನಲ್ಲಿ 4,000ದವರೆಗೂ ಹೋಗಬಹುದು. ಬೆಲ್ಟ್ ಬದಲಿಸಿದೆವು. ಆಗ ಲೋಹ ಬಿಟ್ಟಿನ ತುದಿಗೆ ಅಂಟಿ ತೂತೇ ಕೆಟ್ಟಿತು. ಸೀಮೆಎಣ್ಣೆ ಹಚ್ಚಿದ ಮೇಲೆ ಸರಿಹೋಯ್ತು. ಆದರೂ ಗಡುವು ಮೀರಿ ಆರ್ಡರ್ ಕೈತಪ್ಪಿತು. ಆಮೇಲೆ ಗಡಿಯಾರ ಹಿಡಿದು ನೋಡಿದರೆ, ಕೊರೆಯೋದು ಒಂದೆರಡು ಸೆಕೆಂಡು; ಗುರುತು ಹಾಕಿ, ಬಿಗಿದು, ಬಿಚ್ಚೋದಕ್ಕೇ ದಿನವೆಲ್ಲ!

ಜಿಗ್ ಮಾಡಿಸಿದೆವು, ಗುರುತು ಹಾಕೋ ಕೆಲಸ ತಪ್ಪಿತು. ತೆಳು ತಗಡು, ಸಾವಿರಗಟ್ಟಲೆ ತುಂಡು ಅಂದ್ರೆ ಮಾತ್ರ ಪ್ರೆಸ್ಸೇ ಸರಿ: ಒಂದೇ ಏಟಿಗೆ ನಾಲ್ಕೂ ತೂತು. ಮೃದು ಅಲ್ಯೂಮಿನಿಯಂನಲ್ಲಿ ಇಂಥ ಒಂದು ತೂತಿಗೆ ಸುಮಾರು 300 ಕಿಲೋ ಒತ್ತಡ ಸಾಕು, ನಾಲ್ಕಕ್ಕೂ ಒಂದೂಕಾಲು ಟನ್. ಭಾರಿ ಯಂತ್ರವೇನೂ ಬೇಡ. ಖರ್ಚಿರುವುದು ಡೈಗೆ. ನೂರಿನ್ನೂರು ತುಂಡಿಗೆ ಡೈ ಮಾಡಿಸಿದವನು ಸಾಲ ತೀರಿಸಲಾರ. ತೂತಿನ ಅಗಲ ತಗಡಿನ ದಪ್ಪಕ್ಕಿಂತ ಕಡಿಮೆಯಿದ್ದರೆ ಪಂಚ್ ಮುರಿಯುವ ಭಯ. ಅಲ್ಲಿ ಡ್ರಿಲ್ಲೇ ಗತಿ.

ಆದ್ದರಿಂದ ಅರ್ಜಿಯಲ್ಲಿ ತಗಡಿನ ದಪ್ಪ, ತುಂಡಿನ ಸಂಖ್ಯೆ, ಆರ್ಡರ್ ಮತ್ತೆ ಬರುತ್ತದೆಯೇ ಎಂಬುದನ್ನು ಬರೆಸಿಕೊಳ್ಳಿ. ಪ್ರೆಸ್ ಕೇಳಿದವರಿಗೆ ಬೆರಳು ಕಾಯುವ ಗಾರ್ಡಿನ ಖರ್ಚನ್ನೂ ಸೇರಿಸಿಯೇ ಸಾಲ ಮಂಜೂರು ಮಾಡಬೇಕೆಂದು ನಮ್ಮ ವಿನಂತಿ.